ಸಿಟ್ಟಿಗೊಂದು ಮೊಳ ಹಗ್ಗ

ನಮ್ಮ ಶಾಲೆಯಲ್ಲಿ ನಗು ಬರುವಂಥದ್ದು ದಿನಕ್ಕೊಂದಾದರೂ ನಡೆದೇ ನಡೆಯುತ್ತದೆ. ಏನೂ ನಡೆಯದ ದಿನ ಎಲ್ಲೋ ಎಡವಟ್ಟಾಗಿದೆ ಎಂದುಕೊಂಡು ಅಡುಗೆಯಕ್ಕ ಎರಡು ಸಲ ಗ್ಯಾಸ್ ಸಿಲಿಂಡರ್ ಮೂಸಿ ನೋಡಿ ಬರುತ್ತಾರೆ. ಈ ಪ್ರಸಂಗಗಳಲ್ಲಿ ಹೆಚ್ಚಿನವುಗಳಲ್ಲಿ ಪೆಚ್ಚಾದವನು ನಾನೇ. ಆದ್ದರಿಂದ ಹೇಳುವ ಹಕ್ಕೂ ನನ್ನದೇ.

ತುರುವೇಕೆರೆಯಿಂದ ಮಾಯಸಂದ್ರದ ಕಡೆ ಹೋಗುವ ರಸ್ತೆಯಲ್ಲಿ, ತೆಂಗಿನ ತೋಟದೊಳಗೆ, ಹೆಂಚಿನ ನಾಲ್ಕು ಕಟ್ಟಡಗಳಿವೆ. ಅದೇ ನಮ್ಮ ವಸತಿ ಶಾಲೆ. ಒಂದು ಟ್ರಸ್ಟ್ ನಡೆಸುತ್ತದೆ, ಲಾಭದ ಮಾತಿಲ್ಲ. ಹನ್ನೆರಡರಿಂದ ಇಪ್ಪತ್ತು ವರ್ಷದೊಳಗಿನ ಮೂವತ್ತು ಚಿಲ್ಲರೆ ಮಕ್ಕಳಿದ್ದಾರೆ. ಕೆಲವರಿಗೆ ಅಕ್ಷರ ಕೈಗೆ ಸಿಗುವುದಿಲ್ಲ, ಕೆಲವರಿಗೆ ಸಿಟ್ಟು ಬಂದರೆ ಇಳಿಯುವುದಿಲ್ಲ, ಇನ್ನು ಕೆಲವರಿಗೆ ಭಯ ಹೋಗುವುದಿಲ್ಲ. ಬೇರೆ ಶಾಲೆಗಳು ನಮ್ಮಿಂದಾಗದು ಎಂದು ಕೈಚೆಲ್ಲಿದ ಮಕ್ಕಳು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು. ಈ ಶಾಲೆ ಕಟ್ಟಿದ ದೊಡ್ಡ ಮೇಡಂ ನನ್ನನ್ನು ಕರೆಸಿ, "ಒಂದು ಮೂರು ತಿಂಗಳು ವಾರ್ಡನ್ ಆಗಿ ನೋಡ್ಕೊಳ್ಳಿ ಸಾರ್, ಆಮೇಲೆ ಬೇರೆಯವರು ಬರ್ತಾರೆ" ಎಂದರು. ಮೂರು ವರ್ಷವಾಯಿತು, ಬೇರೆಯವರು ಬಂದಿಲ್ಲ. ಬರದಿರಲಪ್ಪ ಎಂದು ಈಗ ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ.

೧. ಏಳನೇ ಮರ

ಮೊದಲ ದಿನ ಬೆಳಗ್ಗೆ ಹಾಸ್ಟೆಲ್ ಬಾಗಿಲಿಗೆ ಬಂದರೆ ನನ್ನ ಚಪ್ಪಲಿ ಇಲ್ಲ. ಹುಡುಕಿದೆ. ಬಲಗಾಲಿನದು ಒಂದು ಸಾಲಿನಲ್ಲಿತ್ತು, ಎಡಗಾಲಿನದು ಇನ್ನೊಂದು ಸಾಲಿನಲ್ಲಿ. ಹದಿನೈದು ವರ್ಷದ ಒಬ್ಬ ಹುಡುಗ ಎಲ್ಲರ ಚಪ್ಪಲಿಯನ್ನೂ ಉದ್ದದ ಪ್ರಕಾರ ಜೋಡಿಸಿದ್ದ. ನನ್ನ ಎಡ ಚಪ್ಪಲಿ ಹಿಮ್ಮಡಿಯಲ್ಲಿ ಸವೆದು ಗಿಡ್ಡವಾಗಿದ್ದರಿಂದ ಅದಕ್ಕೆ ಚಿಕ್ಕವರ ಸಾಲು ಸಿಕ್ಕಿತ್ತು. ಈ ಹುಡುಗನಿಗೆ ಯಾವುದನ್ನು ಕಂಡರೂ ಸರಿಯಿದೆಯೋ ಇಲ್ಲವೋ ಎಂಬ ಆತಂಕ. ಪರೀಕ್ಷಿಸಿ ನೋಡದೆ ಬಿಡುವವನಲ್ಲ. ಬಸ್ಸಿಗೆ ಹತ್ತುವ ಚೆಕಿಂಗ್‌ನವರ ನೆನಪಾಗಿ ಎಲ್ಲರೂ ಅವನನ್ನು ಚೆಕಿಂಗ್ ಸಾಹೇಬ ಎನ್ನುತ್ತಿದ್ದರು. ಅವನಿಗೂ ಆ ಹೆಸರೆಂದರೆ ಖುಷಿ.

ನನಗೆ ಇದೊಂದೂ ಗೊತ್ತಿರಲಿಲ್ಲ. "ಯಾವನ್ಲಾ ಅದು!" ಎಂದು ಕೂಗಿದೆ. ತರಗತಿಗಳಲ್ಲಿ ಸಾಕಿ ಬೆಳೆಸಿದ ಗಂಟಲು, ಗರಿಯ ಮೇಲಿದ್ದ ಕಾಗೆಗಳು ಹಾರಿಹೋದವು. ಹುಡುಗ ಕಂಬದ ಹಿಂದೆ ಸೇರಿಕೊಂಡ.

ಆಗ ಎರಡು ಜಡೆಯ, ಹದಿಮೂರರ ಒಬ್ಬ ಹುಡುಗಿ ನೆಟ್ಟಗೆ ಬಂದು ನನ್ನ ಕೈಗೆ ಒಂದು ಹಿಡಿ ತೆಂಗಿನ ನಾರು ತುರುಕಿದಳು.

"ಏಳನೇ ಮರ ಸಾರ್."

"ಏನಮ್ಮ ಇದು?"

"ಸಿಟ್ಟು ಬಂದೋರು ಏಳನೇ ಮರದ ಕೆಳಗೆ ಕೂತು ಒಂದು ಮೊಳ ಹಗ್ಗ ಹೊಸೀಬೇಕು. ಆಮೇಲೆ ಬಂದು ಮಾತಾಡ್ಬೇಕು. ರೂಲ್ಸು."

"ನಾನು ವಾರ್ಡನ್ ಕಣಮ್ಮ!"

"ವಾರ್ಡನ್‌ಗೆ ಸಿಟ್ಟು ಬರಲ್ವಾ ಸಾರ್?"

ಈಗಷ್ಟೇ ಇಡೀ ತೋಟಕ್ಕೆ ಕೇಳುವಂತೆ ಬಂದಿದ್ದನ್ನು ಇಲ್ಲ ಎನ್ನುವುದು ಹೇಗೆ? ಕಾಪಾಡುತ್ತಾರೆ ಎಂದು ಅಂಗಳದಲ್ಲಿ ಕಂಡ ದೊಡ್ಡ ಮೇಡಂ ಕಡೆ ನೋಡಿದೆ. ಅವರು ಸೆರಗಿಗೆ ಅಂಟಿದ್ದ ನಾರನ್ನು ಕೊಡವಿಕೊಳ್ಳುತ್ತಾ ಬಂದರು.

"ಹೋಗಿ ಬನ್ನಿ ಸಾರ್, ಕಲ್ಲು ಬೆಚ್ಚಗಿದೆ. ನಾನೂ ಈಗ ತಾನೇ ಅದರ ಮೇಲಿಂದ ಎದ್ದು ಬಂದೆ, ಕರೆಂಟ್ ಆಫೀಸಿಗೆ ಫೋನ್ ಮಾಡಿದ್ದೆ."

೨. ಯಾರ ಸಿಟ್ಟು?

ಏಳನೇ ಮರಕ್ಕೆ ಹಿಂದೆಂದೋ ಸಿಡಿಲು ಬಡಿದು ತಲೆ ಹೋಗಿದೆ. ಕಾಯಿ ಬೀಳುವ ಭಯವಿಲ್ಲವೆಂದೇ ಮೇಡಂ ಅದನ್ನು ಆರಿಸಿದ್ದು. ಬುಡದಲ್ಲಿ ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ನೆನೆಸಿ ಬಡಿದು ಒಣಗಿಸಿದ ನಾರಿನ ಕುಕ್ಕೆ. ಎರಡು ಅಂಗೈ ನಡುವೆ ನಾರು ಉಜ್ಜುತ್ತಾ ಒಂದು ಮೊಳ ಮುಗಿಸುವ ಹೊತ್ತಿಗೆ ಯಾತಕ್ಕೆ ಕೂಗಾಡಿದೆ ಎಂಬುದೇ ಮರೆತಿರುತ್ತದೆ. ಹೊಸೆದ ತುಂಡುಗಳನ್ನೆಲ್ಲ ಗಂಟು ಹಾಕಿ ಬಟ್ಟೆ ಒಣಗಿಸುವ ಹಗ್ಗ ಮಾಡುತ್ತೇವೆ. ನಮ್ಮ ಶಾಲೆಯ ಬಟ್ಟೆಗಳೆಲ್ಲ ಒಣಗುವುದು ನಮ್ಮ ಸಿಟ್ಟಿನ ಮೇಲೆ.

ಇದರ ಉಸ್ತುವಾರಿ ಪೂರ್ತಿ ಆ ಎರಡು ಜಡೆಯ ಹುಡುಗಿಯದು. ತನ್ನ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಹಿಡಿದು ಅಳೆಯುತ್ತಾಳೆ. ಒಂದು ಬೆರಳು ಕಮ್ಮಿಯಾದರೂ ವಾಪಸು ಕಳಿಸುತ್ತಾಳೆ. ಅದಕ್ಕೇ ಅವಳಿಗೆ ಅಳತೆಯಮ್ಮ ಎಂದು ಹೆಸರು. ಅಳೆದ ಮೇಲೆ ಯಾರ ಸಿಟ್ಟು ಎಂದು ಒಂದು ಚೀಟಿ ಕಟ್ಟಿ ಜಗಲಿಯ ಮೊಳೆಗೆ ನೇತುಹಾಕುತ್ತಾಳೆ. ಅಕ್ಷರ ಬಾರದ್ದರಿಂದ ಚಿತ್ರ ಬರೆಯುತ್ತಿದ್ದಳು. ಮೇಡಂಗೆ ಕುಂಕುಮದ ಬೊಟ್ಟು, ಅಡುಗೆಯಕ್ಕನಿಗೆ ಸೌಟು, ನನಗೆ ಮೀಸೆ. ನಾನು ಬಂದ ತಿಂಗಳು ತುಂಬುವಷ್ಟರಲ್ಲಿ ಜಗಲಿಯ ತುಂಬಾ ಮೀಸೆಯೋ ಮೀಸೆ.

ಅಳತೆಯಮ್ಮನ ತಂದೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಮಗಳಿಗೆ ಅಕ್ಷರಗಳು ಹಾಳೆಯ ಮೇಲೆ ನಿಲ್ಲುತ್ತಿರಲಿಲ್ಲ, ಕುಣಿಯುತ್ತಿದ್ದವು. ಯಾರಾದರೂ ಎದುರು ಕೂತು ಓದು ಎಂದರೆ ಮೇಜಿನ ಕೆಳಗೆ ನುಸುಳಿಬಿಡುತ್ತಿದ್ದಳು. ತಂದೆ ಕೆಟ್ಟವರಲ್ಲ, ಶಾಲೆಯಿಂದ ಶಾಲೆಗೆ ಅಲೆದು ಸೋತಿದ್ದರು. ಸೇರಿಸುವ ದಿನ ಮೇಡಂಗೆ ಕಡ್ಡಿ ಮುರಿದಂತೆ ಹೇಳಿದ್ದರಂತೆ: "ಒಂದು ವರ್ಷ ನೋಡ್ತೀನಿ ಕಣ್ರೀ. ಅಷ್ಟರೊಳಗೆ ಪೇಪರ್ ಓದಂಗಾದ್ರೆ ಸರಿ. ಇಲ್ಲಾಂದ್ರೆ ಮನೆಗೆ ಕರ್ಕೊಂಡೋಯ್ತೀನಿ. ಓದೂ ಬ್ಯಾಡ, ಶಾಲೆಯೂ ಬ್ಯಾಡ, ಮನೆ ಒಳಗೆ ಇದ್ಕಂಡಿರ್ಲಿ." ಮನೆಯಲ್ಲಿ ಆ ಮಗು ಮಾಡುತ್ತಿದ್ದದ್ದು ಒಂದೇ, ನೆಂಟರು ಬಂದರೆ ಮಂಚದ ಕೆಳಗೆ ಸೇರುವುದು. ನಮ್ಮಲ್ಲಿ ಅವಳು ಒಂದು ಶಾಲೆಯನ್ನೇ ಆಳುತ್ತಿದ್ದಳು. ಅವಳನ್ನು ಮತ್ತೆ ಮಂಚದ ಕೆಳಗೆ ಕಳಿಸಬಾರದು, ಓದು ಕಲಿಸಿಯೇ ತೀರುತ್ತೇನೆ ಎಂದು ನಾನು ಪಟ್ಟು ಹಿಡಿದೆ.

ಈ ನಡುವೆ ಶಾಲೆ ನೋಡಲು ಬಂದ ನನ್ನ ಹೆಂಡತಿ ಜಗಲಿಯ ಮೀಸೆಗಳನ್ನೆಲ್ಲ ನಿಧಾನವಾಗಿ ನೋಡಿದಳು. ಹೋಗುವಾಗ ಅಳತೆಯಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಪುಟ್ಟಿ, ಮನೆಗೂ ಒಂದು ಮೂಟೆ ನಾರು ಕಳಿಸ್ತೀಯೇನವ್ವ?"

೩. ಜೀಪು ತಡವಾಗಿ ಹೊರಟದ್ದು

ಜಿಲ್ಲೆಯಿಂದ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ಬಂದವರೇ ಒಂದು ಫೈಲ್ ಕೇಳಿದರು. ಫೈಲುಗಳನ್ನೆಲ್ಲ ಚೆಕಿಂಗ್ ಸಾಹೇಬ ಬಣ್ಣದ ಪ್ರಕಾರ ಜೋಡಿಸಿದ್ದರಿಂದ ಅದು ನಮಗ್ಯಾರಿಗೂ ಸಿಗಲಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು. "ಏನ್ರೀ ಇದು, ಶಾಲೆಯೋ ಸಂತೆಯೋ!" ಎಂದು ಮೇಜು ಗುದ್ದಿದರು.

ಮೇಜು ಗುದ್ದಿದ ಸದ್ದಿಗೆ ಅಳತೆಯಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಬೇಡ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಕಣ್ಣಿನ ಮಾತನ್ನೆಲ್ಲ ಅವಳು ಕೇಳುವವಳಲ್ಲ.

"ಏಳನೇ ಮರ ಸಾರ್" ಎಂದು ನಾರು ಮುಂದೆ ಹಿಡಿದಳು.

ಮೇಡಂ ರೂಲ್ಸು ವಿವರಿಸಿದರು. ಅಧಿಕಾರಿ ನಾರನ್ನು ನೋಡಿದರು, ಹುಡುಗಿಯನ್ನು ನೋಡಿದರು. ಎದ್ದು ಹೋಗಿ ಕಲ್ಲಿನ ಮೇಲೆ ಕೂತರು. ಅವರ ಅಂಗೈಯಲ್ಲಿ ಹಗ್ಗ ಹಾವಿನಂತೆ ಸರಸರ ಇಳಿಯತೊಡಗಿತು. ಒಂದು ಮೊಳವಾಯಿತು, ಎರಡಾಯಿತು. ಮೂರನೇ ಮೊಳಕ್ಕೆ ಬರುವಾಗ ಬೂಟು ಬಿಚ್ಚಿ, ಕಾಲ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡಿದ್ದರು. ಸುತ್ತ ಮಕ್ಕಳು ಸೇರಿದ್ದರು.

"ನಮ್ದು ಹುಳಿಯಾರು ಕಡೆ ಹಟ್ಟಿ ಕಣ್ರೋ. ನಮ್ಮವ್ವ ಕಂಬಳಿಗೆ ಉಣ್ಣೆ ನೂಲೋರು, ನಾನು ಪಕ್ಕದಲ್ಲಿ ಕೂತು ಕುರಿ ಕಟ್ಟೋಕೆ ಹಗ್ಗ ಹೊಸೀತಿದ್ದೆ" ಎನ್ನುತ್ತಿದ್ದರು. ಫೈಲಿನ ಮಾತೇ ಬರಲಿಲ್ಲ. ಅಡುಗೆಯಕ್ಕ ಕೊಟ್ಟ ಮುದ್ದೆ, ಹುರುಳಿಕಾಳು ಸಾರು ಉಂಡು ಕೈ ಮುಗಿದು ಹೊರಟರು.

ಅವರು ಜೀಪಿನತ್ತ ನಡೆಯುತ್ತಿದ್ದಾಗ ಡ್ರೈವರ್ ಮೆಲ್ಲಗೆ ನನ್ನ ಹತ್ತಿರ ಬಂದ. "ಸಾರ್, ಇವ್ರನ್ನ ವಾರಕ್ಕೊಂದ್ಸಲ ಕರ್ಕೊಂಬಂದ್ರೆ ನಡೀತದಾ?"

೪. ಅಟ್ಟದ ಮೇಲೆ ಕಾಯಿ

ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಮೇಲೆ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ನಮ್ಮ ಶಾಲೆಯ ಅಟ್ಟದಲ್ಲೂ ತೋಟದ ಕಾಯಿ ತುಂಬಿಸಿಟ್ಟಿದ್ದೆವು.

ಚೆಕಿಂಗ್ ಸಾಹೇಬನಿಗೆ ಇದು ನಿದ್ದೆಗೆಡಿಸಿತು. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲವಲ್ಲ! ಶಾಲೆ ಬಿಟ್ಟ ಕೂಡಲೇ ಏಣಿ ಹತ್ತಿ ಒಂದೊಂದೇ ಕಾಯಿ ಎತ್ತಿ, ಕಿವಿಗಿಟ್ಟು, ಅಲ್ಲಾಡಿಸಿ, ಕೆಳಗಿಡುತ್ತಿದ್ದ. ಊಟದ ಗಂಟೆ ಹೊಡೆದರೂ ಇಳಿಯುವವನಲ್ಲ. ಒಂದು ದಿನ ನಾನೇ ಏಣಿ ಹತ್ತಿದೆ.

"ಲೋ, ದಿನಾ ಹಿಂಗೆ ಕಲಕಿದ್ರೆ ಅದು ಕೊಬ್ಬರಿ ಆಗೋದು ಹೆಂಗಪ್ಪ? ನೆನ್ನೆ ನೀರಿತ್ತು, ಇವತ್ತೂ ನೀರಿರುತ್ತೆ. ಅದರ ಪಾಡಿಗೆ ಅದನ್ನ ಬಿಡು."

ಅವನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಯೋಚನೆ ಮಾಡಿದ.

"ಮತ್ತೆ ನೀವು ಅಳತೆಯಮ್ಮನ್ನ ದಿನಾ ಸಾಯಂಕಾಲ ಕೂರಿಸ್ಕೊಂಡು 'ಅ ಯಾವ್ದು, ಆ ಯಾವ್ದು, ನೆನ್ನೆ ಹೇಳಿದ್ದು ಬಂತಾ, ಬಂತಾ' ಅಂತ ಕೇಳ್ತೀರಲ್ಲ ಸಾರ್?"

ನನ್ನ ಸರ್ವಿಸ್ಸಿನ ಅಷ್ಟೂ ವರ್ಷದಲ್ಲಿ ಯಾವ ತರಬೇತಿಯಲ್ಲೂ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಸಿಟ್ಟು ಬಂತು, ಅವನ ಮೇಲಲ್ಲ. ಇಳಿದು ನೇರ ಏಳನೇ ಮರಕ್ಕೆ ಹೋದೆ. ಹಗ್ಗ ಅಳೆಯಲು ಬಂದ ಅಳತೆಯಮ್ಮ, "ಯಾರ ಮೇಲೆ ಸಿಟ್ಟು ಸಾರ್?" ಎಂದಳು. "ನನ್ನ ಮೇಲೇ" ಎಂದೆ.

ಅವಳು ಚೀಟಿಯಲ್ಲಿ ಎರಡು ಮೀಸೆ ಬರೆದು, ನನ್ನ ಹಗ್ಗ ನನಗೇ ವಾಪಸು ಕೊಟ್ಟಳು. "ಹಂಗಾದ್ರೆ ಎರಡು ಮೊಳ ಸಾರ್."

೫. ಮೊದಲು ಓದಿದ್ದು

ಅಂದಿನಿಂದ ಬಂತಾ ಬಂತಾ ಎನ್ನುವುದನ್ನು ನಿಲ್ಲಿಸಿದೆ. ಆದರೆ ವರ್ಷ ತುಂಬಲು ಒಂದೇ ತಿಂಗಳು ಉಳಿದಿತ್ತು. ಕಣ್ಣಿನ ತೊಂದರೆ ಇರಬಹುದೇ ಎಂದು ಅವಳನ್ನು ತಿಪಟೂರಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಹೊರಟೆ. ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ರೈವೇಟ್ ಬಸ್ ನಿಂತಿತ್ತು.

"ಇದು ಮಾಯಸಂದ್ರದ ಬಸ್ಸು ಸಾರ್, ಹತ್ಬೇಡಿ" ಎಂದಳು ಅಳತೆಯಮ್ಮ.

"ನಿನಗೆ ಹೆಂಗೆ ಗೊತ್ತು?"

"ಈ ಡ್ರೈವರಣ್ಣ ಈ ಹೊತ್ತಿಗೆ ನಮ್ಮ ಗೇಟ್ ಮುಂದೆ ಆ ಕಡೆಗೇ ಹೋಗೋದು."

ನನ್ನೊಳಗಿನ ಮೇಷ್ಟ್ರು ಎದ್ದು ಕೂತ. "ಡ್ರೈವರ್ ಮುಖ ನೋಡಿ ಬಸ್ ಹತ್ತಬಾರದಮ್ಮ. ಬೋರ್ಡ್ ನೋಡಬೇಕು. ಎಲ್ಲಿ, ನಿಧಾನಕ್ಕೆ ನೋಡು. ಅವಸರ ಇಲ್ಲ."

ಅವಳು ನೋಡಿದಳು. ಬೆರಳಿನಿಂದ ಗಾಳಿಯಲ್ಲಿ ತೀಡಿದಳು. ತುಟಿ ಅಲುಗಿತು. "ತಿ... ಪ... ಟೂ... ರು."

ನನ್ನ ಕಣ್ಣಲ್ಲಿ ನೀರು ಬಂತು. ಆ ಮಗು ಹುಟ್ಟಿದಾರಭ್ಯ ಪೂರ್ತಿಯಾಗಿ ಓದಿದ ಮೊದಲ ಪದ! ಪಕ್ಕದ ಹೂವಿನವಳಿಗೂ ಹೇಳಿದೆ. ಎದೆಯುಬ್ಬಿಸಿಕೊಂಡು ಬಸ್ ಹತ್ತಿಸಿದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ನಮ್ಮ ಹತ್ತಿರ ಬರುವ ಹೊತ್ತಿಗೆ ಬಸ್ಸು ಬಹಳ ದೂರ ಬಂದಿತ್ತು.

"ಎರಡು ತಿಪಟೂರು" ಎಂದೆ.

"ತಿಪಟೂರು ಹಿಂದಕ್ಕೋಯ್ತು ಕಣ್ರೀ ಯಜಮಾನ್ರೇ! ಇದು ಮಾಯಸಂದ್ರದ್ದು. ಅಲ್ಲಿಂದ ಬಂದೋರು ಬೋರ್ಡ್ ತಿರುಗ್ಸೋದು ಮರ್ತಿದ್ದೀವಿ, ಅಷ್ಟೇಯ."

ಇಡೀ ಬಸ್ಸು ನಕ್ಕಿತು. ಕಿಟಕಿಯಾಚೆ ನಮ್ಮ ಶಾಲೆಯ ಗೇಟು ಹಾದುಹೋಯಿತು. ಅಡುಗೆಯಕ್ಕ ಅಲ್ಲಿ ಸೊಪ್ಪು ಕೊಳ್ಳುತ್ತಾ ನಿಂತಿದ್ದವರು ನಮ್ಮನ್ನು ನೋಡಿ ಬಾಯಿ ಬಿಟ್ಟರು. ಅಳತೆಯಮ್ಮ ಅವರಿಗೆ ಕೈ ಬೀಸಿ, ನನ್ನ ಕಡೆ ತಿರುಗಿ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದಳು: "ಓದೋದು ಕಲಿತ್ರೆ ಹಿಂಗೇ ಆಗೋದಾ ಸಾರ್?"

ಮುಂದಿನ ವಾರ ಡಾಕ್ಟರು ಅವಳ ಕಣ್ಣು ಚೆನ್ನಾಗಿದೆ ಎಂದರು. ಕನ್ನಡಕ ಬರೆದುಕೊಟ್ಟದ್ದು ನನಗೆ.

೬. ಅಪ್ಪನ ಮೊಳ

ವರ್ಷ ತುಂಬಿದ ದಿನವೇ ತಂದೆ ಬಂದರು. ಕೈಯಲ್ಲಿ ಅಂದಿನ ಪೇಪರ್. ಆಫೀಸಿನ ಮೇಜಿನ ಒಂದು ಕಡೆ ಅವರು, ಇನ್ನೊಂದು ಕಡೆ ಅಳತೆಯಮ್ಮ, ನಡುವೆ ಮೇಡಂ ಮತ್ತು ನಾನು.

"ಓದವ್ವ, ಈ ದೊಡ್ಡಕ್ಷರದ್ದು ಓದು ಸಾಕು" ಎಂದು ಪೇಪರ್ ಹರಡಿದರು.

ಅವಳು ನೋಡಿದಳು. ಕಿವಿ ಕೆಂಪಾಯಿತು. ಅಕ್ಷರಗಳು ಕುಣಿಯಲು ಶುರುಮಾಡಿದವು ಎಂದು ನನಗೆ ಗೊತ್ತಾಯಿತು. ಕ್ಷಣ ಕಳೆಯುವುದರೊಳಗೆ ಕುರ್ಚಿ ಖಾಲಿ. ಮೇಜಿನ ಕೆಳಗೆ ಹೋಗಿದ್ದಳು.

"ನೋಡಿದ್ರೇನ್ರೀ? ಒಂದು ವರ್ಷ! ಇದ್ದಂಗೇ ಅವ್ಳೆ. ಸಾಕು ಬುಡಿ, ಬಟ್ಟೆ ಬರೆ ಕಟ್ಟಿಸಿ" ಎಂದು ತಂದೆ ಎದ್ದು ನಿಂತರು.

"ಪೇಪರ್ ಒಂದೇ ಏನ್ರೀ ಬದುಕು? ಈ ಶಾಲೇಲಿ ಅವಳು ಏನು ಮಾಡ್ತಾಳೆ ಅಂತ ಒಂದಿನ ನಿಂತು ನೋಡಿದ್ದೀರಾ?" ಎಂದು ನಾನೂ ಕೂಗಿದೆ. ತೋಟದ ಕಾಗೆಗಳು ಮತ್ತೆ ಹಾರಿದವು.

ಆಗ ಮೇಜಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಒಂದು ಹಿಡಿ ನಾರು. ತಂದೆಯ ಮೊಣಕಾಲಿಗೆ ತಾಗುವಂತೆ ಹಿಡಿದು ನಿಂತಿತು.

"ಏಳನೇ ಮರ, ಅಪ್ಪ" ಎಂದಿತು ಮೇಜು.

ಇನ್ನೊಂದು ಕೈಯೂ ಬಂತು. "ಸಾರ್, ನೀವೂ."

ನಾನು ತಂದೆಯ ತೋಳು ಹಿಡಿದು, "ಬನ್ನಿ, ಇಲ್ಲಿ ಇದರಿಂದ ಯಾರಿಗೂ ಬಿಡುಗಡೆ ಇಲ್ಲ" ಎಂದು ಕರೆದುಕೊಂಡು ಹೋದೆ. ಒಂದೇ ಕಲ್ಲಿನ ಮೇಲೆ, ಭುಜಕ್ಕೆ ಭುಜ ತಾಗುವಂತೆ, ಇಬ್ಬರೂ ಹೊಸೆಯಲು ಕೂತೆವು. ಲಾರಿಗಟ್ಟಲೆ ಕೊಬ್ಬರಿ ಮಾರಿದ ಮನುಷ್ಯ, ಆದರೆ ನಾರು ಮುಟ್ಟಿದವರಲ್ಲ. ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು.

ಕಲ್ಲು, ಕುಕ್ಕೆ, ಕೂತವರು ಎಲ್ಲ ಸರಿಯಿದ್ದಾರೆಯೇ ಎಂದು ನೋಡಲು ಚೆಕಿಂಗ್ ಸಾಹೇಬ ಬಂದ.

"ನೀವು ಕೊಬ್ಬರಿ ಯಾಪಾರದೋರಾ?" ಎಂದು ತಂದೆಯನ್ನು ಕೇಳಿದ.

"ಹೂಂ ಕಣಪ್ಪ."

"ಅಟ್ಟದ ಕಾಯಿ ದಿನಾ ಅಲ್ಲಾಡಿಸಿ ನೋಡ್ತೀರಾ?"

"ಯಾರಾದ್ರೂ ಅಲ್ಲಾಡಿಸ್ತಾರೇನ್ಲಾ? ವರ್ಷ ತುಂಬೋಗಂಟ ಅಟ್ಟಾನೇ ಹತ್ತಲ್ಲ. ಆಮ್ಯಾಕೂ ಕೆಲವು ಕಾಯಿ ತಡ ಮಾಡ್ತವೆ, ಇನ್ನೊಂದೆರಡು ತಿಂಗ್ಳು ಬುಡಬೇಕು. ಅವಸರ ಮಾಡಿ ಒಡೆದ್ರೆ ಅತ್ಲಗೆ ಕಾಯಿಯೂ ಅಲ್ಲ, ಇತ್ಲಗೆ ಕೊಬ್ಬರಿಯೂ ಅಲ್ಲ."

ಹುಡುಗ ಸರಿ ಎಂದು ತಲೆಯಾಡಿಸಿ, ಆಫೀಸಿನ ಬಾಗಿಲಲ್ಲಿ ಇಣುಕುತ್ತಿದ್ದ ಅಳತೆಯಮ್ಮನ ಕಡೆ ಒಮ್ಮೆ ನೋಡಿ, ಹೊರಟುಹೋದ. ತಂದೆಯ ಕೈ ನಿಂತಿತು. ನಾನು ಬಾಯಿ ಬಿಗಿಹಿಡಿದು ಕೂತೆ. ಜೀವಮಾನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು.

ಅಷ್ಟರಲ್ಲಿ ಅಳತೆಯಮ್ಮ ಬಂದು ತಂದೆಯ ಎದುರು ನೆಲದ ಮೇಲೆ ಕೂತಳು. ಅವರ ಎರಡು ಕೈಯನ್ನೂ ತನ್ನ ಕೈಯಲ್ಲಿ ಹಿಡಿದು ನಡೆಸಿದಳು.

"ಎಳೀಬ್ಯಾಡ ಅಪ್ಪ, ಎಳೆದ್ರೆ ಕಿತ್ತೋಗುತ್ತೆ. ಹಿಂಗೆ ಮೆತ್ತಗೆ ಉಜ್ಜು. ಹಾಂ, ಹಂಗೆ."

ಮಗಳು ಕಲಿಸಿದಳು, ಅಪ್ಪ ಕಲಿತರು. ಕೊನೆಗೆ ಅಂಕುಡೊಂಕಾದ ಒಂದು ತುಂಡು ಹಗ್ಗವಾಯಿತು. ಅವಳು ತನ್ನ ಕೈಗೆ ಹಿಡಿದು ಅಳೆದಳು. ಆಮೇಲೆ ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದು, ನಮ್ಮ ಕಡೆ ಬೆನ್ನು ಮಾಡಿಕೊಂಡು ಏನೋ ಬರೆದಳು. ಕೊಬ್ಬರಿಯದೋ ಲಾರಿಯದೋ ಚಿತ್ರವಿರಬೇಕು ಎಂದುಕೊಂಡೆ. ಚೀಟಿ ಕಟ್ಟಿದ ಹಗ್ಗವನ್ನು ತಂದೆಯ ಕೈಗೆ ಕೊಟ್ಟಳು.

ಚೀಟಿಯಲ್ಲಿ ಚಿತ್ರವಿರಲಿಲ್ಲ. ಕೋಳಿ ಕೆದರಿದಂಥ ಅಕ್ಷರದಲ್ಲಿ, "ಅಪ್ಪ" ಎಂದಿತ್ತು.

ಯಾರೂ ಕೂರಿಸಿ ಕೇಳಿರಲಿಲ್ಲ, ಯಾರೂ ಬಂತಾ ಎಂದಿರಲಿಲ್ಲ. ಅವಳಿಗೆ ಬೇಕಾಗಿತ್ತು, ಬರೆದಳು. ತಂದೆ ಹೆಗಲ ಮೇಲಿನ ಟವೆಲ್ ಮುಖಕ್ಕೊತ್ತಿಕೊಂಡರು. ನಾನು ಹೊಸ ಕನ್ನಡಕ ತೆಗೆದು ಒರೆಸಿಕೊಂಡೆ. ನಮ್ಮ ಹಿಂದೆಯೇ ಬಂದಿದ್ದ ಮೇಡಂ ಅಡುಗೆಮನೆ ಕಡೆ ಮುಖ ತಿರುಗಿಸಿದರು. ಅಳದೆ ಇದ್ದವಳು ಒಬ್ಬಳೇ.

"ಅಪ್ಪ, ನಾಕು ಬೆರಳು ಕಮ್ಮಿ ಐತೆ. ಕೂತ್ಕೊ."

ತಂದೆ ಅಳುತ್ತಲೇ ನಕ್ಕರು. "ಇವತ್ತು ಕೈ ಉರೀತದೆ ಕಣವ್ವ. ಮುಂದಿನ ತಿಂಗ್ಳು ಬಂದು ಪೂರ್ತಿ ಮಾಡ್ತೀನಿ. ಅಲ್ಲೀಗಂಟ ನೀನು..." ಎಂದು ಮೇಡಂ ಕಡೆ ನೋಡಿದರು. "ಅಲ್ಲೀಗಂಟ ಇಲ್ಲೇ ಇರ್ಲಿ ಬುಡಿ. ಅಳೆಯೋಕೆ ಯಾರಾದ್ರೂ ಬೇಕಲ್ಲ."

ಇದಾಗಿ ಎರಡು ವರ್ಷ ಕಳೆದಿದೆ. ಅವಳೀಗ ಚಿಕ್ಕ ಚಿಕ್ಕ ಪುಸ್ತಕ ಓದುತ್ತಾಳೆ, ಪೇಪರ್ ಇನ್ನೂ ಸ್ವಲ್ಪ ತಡ. ನನ್ನ ಬಿ.ಪಿ. ಮಾತ್ರೆ ಅರ್ಧಕ್ಕಿಳಿದಿದೆ. ಮೇಷ್ಟ್ರು ಕೆಲಸ ಏನೆಂಬುದು ನಿವೃತ್ತನಾದ ಮೇಲೆ ಕಲಿಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಈ ಮಕ್ಕಳ ಋಣ ನನ್ನ ಮೇಲೆ ದೊಡ್ಡದು.

ತಂದೆ ತಿಂಗಳು ತಪ್ಪದೆ ಬರುತ್ತಾರೆ. ಸಿಟ್ಟಿರಲಿ ಬಿಡಲಿ, ಬಂದವರೇ ಏಳನೇ ಮರದ ಕೆಳಗೆ ಕೂತು ಮೊದಲ ದಿನದ ಅದೇ ಹಗ್ಗಕ್ಕೆ ಒಂದಿಷ್ಟು ಹೊಸೆದು ಸೇರಿಸುತ್ತಾರೆ. ಪ್ರತಿ ಸಲವೂ ಮಗಳು ಅಳೆಯುತ್ತಾಳೆ, ಪ್ರತಿ ಸಲವೂ ಒಂದು ಕಡ್ಡಿಯಷ್ಟಾದರೂ ಕಮ್ಮಿ ಬರುತ್ತದೆ. ಹೋದ ತಿಂಗಳು ನನಗೆ ತಡೆಯಲಾಗಲಿಲ್ಲ.

"ಏನ್ರೀ ಯಜಮಾನ್ರೇ, ಎರಡು ವರ್ಷದಿಂದ ಒಂದು ಮೊಳ ಮುಗೀಲಿಲ್ವಲ್ಲ!" ಎಂದೆ.

ಅವರು ಮಗಳು ಅತ್ತ ಹೋಗುವವರೆಗೆ ಕಾದು, ನನ್ನ ಕಿವಿಯ ಹತ್ತಿರ ಬಂದರು. ಮುಖದ ತುಂಬಾ ನಗು.

"ನಾನು ಹೊಸೀತಾನೇ ಇದ್ದೀನಿ ಕಣ್ರೀ ಮೇಷ್ಟ್ರೇ. ಅವ್ಳ ಕೈಯೇ ಬೆಳೀತಾ ಹೋಯ್ತಾ ಐತೆ, ನಾನೇನ್ ಮಾಡ್ಲಿ?"